ಬಿಚ್ಚಲು ಬರುವ ಸ್ಟ್ಯಾಂಡು

ಬಿಗಿಯುವುದು ಸುಲಭ, ಬಿಚ್ಚುವುದು ಕಷ್ಟ ಎಂದು ನಾನು ಶುರುಮಾಡಿದರೆ, ಯಾರೋ ವೇದಾಂತ ಹೇಳಲು ಬಂದ ಎಂದು ನೀವು ಪುಟ ತಿರುಗಿಸಬೇಡಿ. ನಾನು ಹೇಳುತ್ತಿರುವುದು ನಟ್ಟು ಬೋಲ್ಟಿನ ಮಾತು. ಸುಂಕದಕಟ್ಟೆಯಲ್ಲಿ ನನ್ನದೊಂದು ಗೇಟು, ಗ್ರಿಲ್ಲು ಮಾಡುವ ಶೆಡ್ಡಿದೆ. ಏಳನೇ ಕ್ಲಾಸಿಗೆ ಪುಸ್ತಕ ಕೆಳಗಿಟ್ಟು ಸುತ್ತಿಗೆ ಹಿಡಿದವನು ನಾನು. ಜೀವನದಲ್ಲಿ ನಾನು ಸಲೀಸಾಗಿ ಬಿಚ್ಚಿಕೊಂಡು ಬಂದದ್ದು ಅದೊಂದು ಸ್ಕೂಲಿನಿಂದ ಮಾತ್ರ. ಆಮೇಲೆ ಹಿಡಿದದ್ದೆಲ್ಲ ಬಿಗಿಯುವ ಕೆಲಸವೇ. ಹೆಮ್ಮೆಯಿಂದಲೇ ಹೇಳುತ್ತೇನೆ, ರಾಜಾಜಿನಗರದಿಂದ ಕೆಂಗೇರಿಯವರೆಗೆ ನಾನು ನಿಲ್ಲಿಸಿದ ಗೇಟು ಒಂದೂ ಜೋತು ಬಿದ್ದಿಲ್ಲ. ಬಸವೇಶ್ವರನಗರದ ಒಂದು ಮನೆಗೆ ಕಳ್ಳ ನುಗ್ಗಿ ನೀರಿನ ಮೋಟರು, ಹೂಕುಂಡ, ಕೊನೆಗೆ ಬಾಗಿಲಲ್ಲಿದ್ದ ಚಪ್ಪಲಿಯನ್ನೂ ಬಿಡದೆ ಒಯ್ದ. ಗೇಟಿಗೆ ಮಾತ್ರ ಕೈ ಹಾಕಿ, ಬಿಟ್ಟು ಹೋದ. ಮನೆಯವರು ಅಳುತ್ತಾ ಫೋನ್ ಮಾಡಿದಾಗ ನಾನು ಸಮಾಧಾನ ಹೇಳಬೇಕಿತ್ತು. ನನ್ನ ಬಾಯಿಗೆ ಮೊದಲು ಬಂದ ಮಾತು, "ಗೇಟು ಹೋಗಿಲ್ಲ ತಾನೇ ಸಾರ್?"

ಇದರ ಗುಟ್ಟು ದೊಡ್ಡದೇನಲ್ಲ. ನಟ್ಟು ಬಿಗಿದಾದ ಮೇಲೆ ಆಚೆ ಚಾಚಿಕೊಂಡಿರುವ ಬೋಲ್ಟಿನ ತುದಿಗೆ ಸುತ್ತಿಗೆಯಿಂದ ಒಂದೆರಡು ಏಟು ಹಾಕಬೇಕು. ಸುರುಳಿ ಗೆರೆಯ ಥ್ರೆಡ್ಡು ಜಜ್ಜಿಹೋಗುತ್ತದೆ. ಆಮೇಲೆ ಆ ನಟ್ಟನ್ನು ಕಳ್ಳನೂ ಬಿಚ್ಚಲಾರ, ಕಟ್ಟಿದವನೂ ಬಿಚ್ಚಲಾರ. ನನಗೆ ಕೆಲಸ ಕಲಿಸಿದ ಮೇಸ್ತ್ರಿ ಹೇಳಿಕೊಟ್ಟದ್ದು ಇದು. ಈಗ ಅದನ್ನು ನಾನು ಮಾಡುವುದಿಲ್ಲ, ನನ್ನ ಕೈ ಮಾಡುತ್ತದೆ. ಊಟವಾದ ಮೇಲೆ ಎಲೆ ಮಡಿಸುವ ಹಾಗೆ.

ಈ ಕೈಯ ದೆಸೆಯಿಂದ ನಮ್ಮ ಮನೆಯಲ್ಲಿ ಯಾವ ವಸ್ತುವಿಗೂ ಜಾಗ ಬದಲಿಸುವ ಯೋಗವಿಲ್ಲ. ನನ್ನ ಹೆಂಡತಿ ಜಯಮ್ಮನಿಗೆ ಮಿಕ್ಸಿ ಇಡಲು ಒಂದು ಸ್ಟ್ಯಾಂಡ್ ಹಾಕಿಕೊಟ್ಟೆ. ಆ ಮಿಕ್ಸಿ ಹೋಗಿ ಅಗಲವಾದ ಬೇರೆ ಮಿಕ್ಸಿ ಬಂತು, ಸ್ಟ್ಯಾಂಡಿನಲ್ಲಿ ಕೂರಲಿಲ್ಲ. ಈಗ ಮಿಕ್ಸಿ ನೆಲದ ಮೇಲಿದೆ, ಸ್ಟ್ಯಾಂಡಿನಲ್ಲಿ ಈರುಳ್ಳಿ ಇದೆ. ಹಿಂದೆ ವಿಜಯನಗರದ ಬಾಡಿಗೆ ಮನೆಯಲ್ಲಿದ್ದಾಗ ಗೋಡೆಗೆ ಟಿವಿ ಸ್ಟ್ಯಾಂಡ್ ಹೊಡೆದಿದ್ದೆ. ಮನೆ ಬಿಡುವ ದಿನ ಅದನ್ನು ಕೀಳಲು ಹೋದರೆ ಗೋಡೆ ಬರತೊಡಗಿತು, ಸ್ಟ್ಯಾಂಡ್ ಬರಲಿಲ್ಲ. ಓನರ್ ಓಡಿ ಬಂದು, "ಅಯ್ಯೋ, ಅದು ಇಲ್ಲೇ ಇರಲಿ ಬಿಡಿ, ನಮ್ಮ ಮನೆ ಇದ್ರೆ ಸಾಕು" ಎಂದು ಕೈ ಮುಗಿದರು. ಜಯಮ್ಮ ಇದನ್ನು ಇವತ್ತಿಗೂ ಬಂದವರ ಮುಂದೆಲ್ಲ ಹೇಳಿ ನಗುತ್ತಾಳೆ. ನಾನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡಿದ್ದೇನೆ.

ಇಂಥವನ ಹತ್ತಿರ ಬಂದು ನನ್ನ ಮಗಳು ಸವಿತಾ, "ಅಪ್ಪಾ, ಬಿಚ್ಚೋಕೆ ಬರೋ ಹಾಗೆ ಒಂದು ಸ್ಟ್ಯಾಂಡ್ ಮಾಡಿಕೊಡಿ" ಎಂದಳು. ಅವಳನ್ನು ಕೊಟ್ಟಿರುವುದು ನಂದಿನಿ ಲೇಔಟಿಗೆ. ಅವಳ ಮಗಳು ಚಿನ್ನು ನನಗೆ ಒಬ್ಬಳೇ ಮೊಮ್ಮಗಳು. ಚಿನ್ನುವಿಗೆ ಒಂದು ಟ್ಯಾಬ್ ಇದೆ, ಅಂಗೈಗಿಂತ ದೊಡ್ಡದು, ಸ್ಲೇಟಿಗಿಂತ ಚಿಕ್ಕದು. ಅದರಲ್ಲಿ, ನೆಟ್ ಇಲ್ಲದಿದ್ದರೂ ಓಡುವ ಹಾಗೆ ಡೌನ್‌ಲೋಡ್ ಮಾಡಿಟ್ಟ, ಒಂದು ಕಾರ್ಟೂನ್ ಆನೆಮರಿ ಇದೆ. ಹಲ್ಲುಜ್ಜುತ್ತದೆ, ಸ್ನಾನ ಮಾಡುತ್ತದೆ, ಸೊಂಡಿಲಿನಿಂದ ಅಪ್ಪನಿಗೆ ನೀರು ಹಾರಿಸುತ್ತದೆ. ಆನೆಮರಿ ಇದ್ದರೆ ಚಿನ್ನು ಊಟ ಮಾಡುತ್ತಾಳೆ, ಔಷಧಿ ಕುಡಿಯುತ್ತಾಳೆ, ಉಗುರು ಕತ್ತರಿಸಲು ಕೈ ಕೊಡುತ್ತಾಳೆ. ಇಲ್ಲದಿದ್ದರೆ ಅವಳ ದನಿ ಮೆಟ್ರೋ ಸ್ಟೇಷನ್ನಿನವರೆಗೂ ಕೇಳುತ್ತದೆ. ಮೊಬೈಲಿನಲ್ಲಿ ಅದೇ ಆನೆ ತೋರಿಸಿದರೆ ಆಗುವುದಿಲ್ಲ. ನಡುವೆ ಯಾರದಾದರೂ ಫೋನ್ ಬಂದು ಆನೆ ಮಾಯವಾಗುತ್ತದೆ ಎಂದು ಅವಳಿಗೆ ಗೊತ್ತು. ಮೊಬೈಲ್ ಕೊಟ್ಟರೆ ಎಸೆಯುತ್ತಾಳೆ.

ವಿಷಯ ಏನೆಂದರೆ ಚಿನ್ನುವಿನ ಮುಡಿ ಕೊಡುವುದು ಬಾಕಿ ಉಳಿದಿತ್ತು. ಅಳಿಯನ ಕಡೆಯ ಮನೆದೇವರು ಮಾಗಡಿ ದಾಟಿ ಒಂದು ಗುಡ್ಡದ ಬುಡದಲ್ಲಿದ್ದಾನೆ. ಒಮ್ಮೆ ಹೋಗಿ ಪ್ರಯತ್ನಪಟ್ಟಿದ್ದರು. ತಲೆಗೆ ನೀರು ಹಚ್ಚುತ್ತಿದ್ದಂತೆ ಚಿನ್ನು ನೀರಿನ ಬಟ್ಟಲನ್ನು ಒದ್ದು, ಸೋದರಮಾವನ ಕಿವಿ ಕಚ್ಚಿ, ಎಂಥ ರಂಪ ಮಾಡಿದಳೆಂದರೆ ಕ್ಷೌರದವರು, "ಮಗೂಗೆ ಕತ್ತಿ ತಾಗಿದ್ರೆ ನನಗ್ಯಾಕೆ ಪಾಪ" ಎಂದು ಪೆಟ್ಟಿಗೆ ಮುಚ್ಚಿಬಿಟ್ಟಿದ್ದರು. ಬೆಸ ವರ್ಷದಲ್ಲೇ ಆಗಬೇಕಂತೆ. ಮೂರು ತುಂಬುವುದರೊಳಗೆ ಆಗಲಿಲ್ಲವೆಂದರೆ ಇನ್ನು ಐದಕ್ಕೇ. ಅಷ್ಟರವರೆಗೆ ಸವಿತಾ ತನ್ನ ಅತ್ತೆಯ ಬಾಯಿಂದ ಒಂದೇ ಮಾತು ಕೇಳಬೇಕು. ಬೀಗಿತ್ತಿ ಶಾರದಮ್ಮನವರು ಕೆಟ್ಟವರಲ್ಲ. ನಗುತ್ತಲೇ ಹೇಳುತ್ತಾರೆ, "ನಮ್ಮ ವಂಶದಲ್ಲಿ ಈ ಥರ ಹಠ ಯಾರಿಗೂ ಇಲ್ಲಪ್ಪ. ತಾಯಿ ಮನೆ ಕಡೆಯಿಂದ ಬಂದಿರಬೇಕು." ತಾಯಿ ಮನೆ ಕಡೆ ಎಂದರೆ ಇನ್ಯಾರು? ನಾನೇ. ಆ ಮಾತು ನನಗೆ ತಾಗಿದ್ದಕ್ಕಿಂತ, ಅದನ್ನು ನನ್ನ ಹತ್ತಿರ ಹೇಳುವಾಗ ಸವಿತಾ ತಲೆ ಬಗ್ಗಿಸಿದಳಲ್ಲ, ಅದು ತಾಗಿತು.

"ಗಾಡೀಲಿ ಹೋಗೋವಾಗ ಅವಳ ಎದುರಿನ ಸೀಟಿಗೆ ಇರಬೇಕು ಅಪ್ಪಾ. ಅಲ್ಲಿಗೆ ಹೋದಮೇಲೆ ಬಿಚ್ಚಿ, ಮುಡಿ ತೆಗೆಯೋ ಜಾಗದಲ್ಲಿ ಅವಳ ಎದುರಿಗೆ ಹಿಡೀಬೇಕು. ಬಿಚ್ಚೋಕೆ ಬರೋದೇ ಮುಖ್ಯ" ಎಂದಳು ಸವಿತಾ. ಗಾಡಿ ಎಂದರೆ ನನ್ನ ಸೆಕೆಂಡ್ ಹ್ಯಾಂಡ್ ವ್ಯಾನು. ವಾರವೆಲ್ಲ ಕಬ್ಬಿಣದ ಪೈಪು ಹೊತ್ತು, ಭಾನುವಾರ ತೊಳೆಸಿಕೊಂಡು ಸಂಸಾರ ಹೊರುವ ಗಾಡಿ.

ಮೊದಲು ರಾಜಾಜಿನಗರದ ಒಂದು ಕಾರ್ ಆಕ್ಸೆಸರೀಸ್ ಅಂಗಡಿಗೆ ಹೋದೆ. ಬೇರೆಯವರ ಕೆಲಸವನ್ನೂ ನೋಡಬೇಕಲ್ಲ. ಗಡ್ಡಕ್ಕೆ ಎಣ್ಣೆ ಹಚ್ಚಿದ ಒಬ್ಬ ಹುಡುಗ, "ಬನ್ನಿ ಅಂಕಲ್" ಎಂದು ಗಾಜಿನ ಮೇಲೆ ಒಂದು ಸಂತೆಯನ್ನೇ ಹರಡಿದ. ಅಯಸ್ಕಾಂತದಿಂದ ಅಂಟುವುದು, ಗಾಜಿಗೆ ರಬ್ಬರ್ ಬಟ್ಟಲಿನಿಂದ ಕಚ್ಚುವುದು, ಬೆಲ್ಟಿನಿಂದ ಕಟ್ಟುವುದು, ಸೀಟಿನ ತಲೆದಿಂಬಿನ ಎರಡು ಕಂಬಿಗೆ ಹಿಡಿಯುವುದು. ಎಲ್ಲಾ ಪ್ಲಾಸ್ಟಿಕ್ಕು. ಅವನು ಒಂದನ್ನು ಸಿಕ್ಕಿಸಿ, "ನೋಡಿ ಅಂಕಲ್, ಟಕ್ ಅಂತ ಹಾಕಿ, ಟಕ್ ಅಂತ ತೆಗೀರಿ" ಎಂದ.

"ಟಕ್ ಅಂತ ಬಿದ್ರೆ?" ಎಂದೆ.

"ಬೀಳಲ್ಲ ಅಂಕಲ್."

ನಾನು ಅದರ ಕಿವಿ ಹಿಡಿದು ಸ್ವಲ್ಪವೇ ಸ್ವಲ್ಪ ತಿರುಗಿಸಿದೆ. ಕಿವಿ ನನ್ನ ಕೈಯಲ್ಲಿ ಉಳಿಯಿತು. ಹುಡುಗ ಅದನ್ನೂ ನನ್ನ ಕೈಯನ್ನೂ ನೋಡಿ, "ಅಂಕಲ್, ನೀವು ಏನ್ ಕೆಲ್ಸ ಮಾಡ್ತೀರಾ?" ಎಂದ. ಹೇಳಿದೆ. "ಹಾಗಾದ್ರೆ ನೀವೇ ಮಾಡ್ಕೊಂಬಿಡಿ ಗುರುಗಳೇ" ಎಂದು ಎಲ್ಲವನ್ನೂ ಒಳಗಿಡತೊಡಗಿದ. ಅಲ್ಲದೆ ನನ್ನ ವ್ಯಾನಿನ ಸೀಟಿಗೆ ಅವನ ಯಾವುದೂ ಹೊಂದುತ್ತಿರಲಿಲ್ಲ. ಅದರ ಬೆನ್ನೂ ತಲೆದಿಂಬೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿವೆ, ಹಿಡಿಯಲು ಕಂಬಿಯೇ ಇಲ್ಲ.

ನಾನೇ ಮಾಡಿದೆ. ತೆಳು ಪಟ್ಟಿ ಬಗ್ಗಿಸಿ, ಕುದುರೆಗೆ ಹಾಕುವ ಹಾಗೆ, ಸೀಟಿನ ತಲೆಗೆ ಒಂದು ಜೀನು ತೊಡಿಸಿದೆ. ಅದರ ಹಿಂಬದಿಗೆ ಟ್ಯಾಬ್ ಕೂರುವ ಚೌಕಟ್ಟು. ಗೀರು ಬೀಳದ ಹಾಗೆ ಒಳಗೆ ಜಯಮ್ಮನ ಹಳೆಯ ಸ್ವೆಟರಿನ ಬಟ್ಟೆ ಅಂಟಿಸಿದೆ. ಅಕ್ಕಪಕ್ಕದಲ್ಲಿ ಎರಡು ಬೋಲ್ಟು. ಅವು ಬಿಗಿದರೆ ಜೀನು ಸೀಟನ್ನು ಹಿಡಿಯುತ್ತದೆ, ಚೌಕಟ್ಟಿನ ತುಟಿ ಟ್ಯಾಬನ್ನು ಹಿಡಿಯುತ್ತದೆ. ನಟ್ಟಿಗೆ ಸ್ಪ್ಯಾನರ್ ಬೇಡ. ಎರಡು ರೆಕ್ಕೆಯ ನಟ್ಟು ಹಾಕಿದ್ದೆ, ಬೆರಳಿನಲ್ಲೇ ತಿರುಗಿಸಬಹುದು. ಕಪ್ಪು ಬಣ್ಣ ಹೊಡೆದು, ಒಣಗಿಸಿ, ಜಯಮ್ಮನನ್ನು ಕರೆದು ಕೂರಿಸಿದೆ. ಅವಳು ರೆಕ್ಕೆ ತಿರುಗಿಸಿದಳು, ಟ್ಯಾಬಿನ ಅಳತೆಗೆ ಕತ್ತರಿಸಿ ಕೂರಿಸಿದ್ದ ಹಲಗೆ ಕೈಗೆ ಬಂತು. ಮತ್ತೆ ಹಾಕಿದಳು, ಕೂತಿತು. ಮತ್ತೆ ತೆಗೆದಳು.

"ಪರವಾಗಿಲ್ವೇ! ನಿಮ್ಮ ಕೈಯಲ್ಲೂ ಬಿಚ್ಚೋಕೆ ಬರೋ ವಸ್ತು ಆಯ್ತಲ್ರೀ" ಎಂದಳು. ಮದುವೆಯಾದ ಮೇಲೆ ಅವಳ ಬಾಯಿಂದ ಬಂದ ಹೊಗಳಿಕೆಗಳಲ್ಲಿ ಇದು ಸಾಕಷ್ಟು ದೊಡ್ಡದು. ನಾನು ಆ ದಿನವಿಡೀ ಶೆಡ್ಡಿನಲ್ಲಿ ಸಿಳ್ಳೆ ಹಾಕುತ್ತಿದ್ದೆ.

ಹೊರಡುವ ಬೆಳಿಗ್ಗೆ ಜಯಮ್ಮ ಮತ್ತು ಮಗ ಕಿರಣನನ್ನು ಕೂರಿಸಿಕೊಂಡು ನಂದಿನಿ ಲೇಔಟಿಗೆ ಹೊರಟೆ. ಕಿರಣನೇ ಚಿನ್ನುವಿನ ಸೋದರಮಾವ. ಹೋದ ಸಲ ಕಚ್ಚಿಸಿಕೊಂಡ ಕಿವಿ ಅವನದೇ. ದಾರಿಯಲ್ಲಿ ಹಂಪು ಬಂದಾಗಲೆಲ್ಲ ಹಿಂದಿನಿಂದ ಲೊಡ್, ಲೊಡ್ ಎಂಬ ಶಬ್ದ. ಖಾಲಿ ಚೌಕಟ್ಟು ಅಲುಗುತ್ತಿತ್ತು. ನಮ್ಮ ಕಸುಬಿನಲ್ಲಿ ಲೊಡ್ ಎನ್ನುವ ಶಬ್ದಕ್ಕಿಂತ ದೊಡ್ಡ ಬೈಗುಳ ಇಲ್ಲ. ಬೀಗರ ಮುಂದೆ ಅದು ಕೇಳಿಸಿದರೆ ನನ್ನ ಗತಿಯೇನು ಎಂದು ಮುಖ ಸಪ್ಪಗಾಯಿತು.

ಅವರ ಮನೆ ಮುಂದೆ ನಿಲ್ಲಿಸಿದೆ. ಸವಿತಾ ಟ್ಯಾಬ್ ತಂದುಕೊಟ್ಟಳು. ಅದನ್ನು ಕೂರಿಸಿ ರೆಕ್ಕೆ ತಿರುಗಿಸಿದೆ. ಅಲುಗಾಡಿಸಿದರೆ ಇನ್ನೂ ಒಂದು ಚೂರು ಲೊಡ್. ಡಿಕ್ಕಿಯಲ್ಲಿದ್ದ ಟೂಲ್ಸ್ ಪೆಟ್ಟಿಗೆ ತೆಗೆದು, ಇಕ್ಕಳದಿಂದ ಇನ್ನರ್ಧ ಸುತ್ತು ಬಿಗಿದೆ. ಅಷ್ಟರಲ್ಲಿ ಶಾರದಮ್ಮನವರು ಹೊರಗೆ ಬಂದು, ಬೀಗರ ಉಭಯಕುಶಲೋಪರಿ ಶುರುವಾಯಿತು. "ಚೆನ್ನಾಗಿದೀರಾ? ಮಂಡಿ ನೋವು ಹೇಗಿದೆ? ತಿಂಡಿ ಆಯ್ತಾ?" ನಾನು ಚೆನ್ನಾಗಿದೀನಿ, ಪರವಾಗಿಲ್ಲ, ಆಯ್ತು ಎನ್ನುತ್ತಿದ್ದೆ. ನಾನು ಬಾಯಲ್ಲಿ ಉತ್ತರ ಕೊಡುತ್ತಿದ್ದಾಗ ನನ್ನ ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ಒಂದು ಕಬ್ಬಿಣದ ತುಂಡನ್ನು ಹಿಂದೆ ಆನಿಸಿ ಟಕ್, ಟಕ್. ಆ ಕಡೆ ಹೋಗಿ ಮತ್ತೆ ಟಕ್, ಟಕ್. ಶಬ್ದ ನಿಂತಿತು. ಅಲುಗಾಡಿಸಿದೆ. ಬಂಡೆ! ಆಹಾ, ಹೀಗಿರಬೇಕು ಎಂದುಕೊಂಡೆ.

ಅದೇ ಹೊತ್ತಿಗೆ ನಮ್ಮ ಬೀಗರು ಗಂಗಾಧರಯ್ಯನವರು ಗ್ಯಾಸ್ ಸಿಲಿಂಡರ್ ಉರುಳಿಸಿಕೊಂಡು ಬಂದರು. ಮನೆದೇವರಿಗೆ ಹೋದರೆ ಅಲ್ಲೇ ಅಡುಗೆಯಾಗಬೇಕು, ಅಲ್ಲೇ ಎಲೆ ಹಾಕಬೇಕು. ಸಿಲಿಂಡರು, ಒಲೆ, ತಪ್ಪಲೆ, ಪುಳಿಯೋಗರೆ ಗೊಜ್ಜಿನ ಡಬ್ಬಿ. ಡಿಕ್ಕಿಯಲ್ಲಿ ಜಾಗ ಸಾಲಲಿಲ್ಲ. "ಈ ಪೆಟ್ಟಿಗೆ ಯಾಕೆ ಬೀಗರೇ? ದೇವಸ್ಥಾನದಲ್ಲಿ ಗೇಟ್ ಹಾಕ್ಬೇಕಾ?" ಎಂದರು. ನಾನು ನಕ್ಕು, ಟೂಲ್ಸ್ ಪೆಟ್ಟಿಗೆಯನ್ನು ಅವರ ವರಾಂಡದಲ್ಲಿ ಇಳಿಸಿದೆ. ಅಳಿಯ ಬಾಳೆಲೆ, ಹೂವಿನ ಬುಟ್ಟಿ ಕಟ್ಟಿಕೊಂಡು ಬೈಕಿನಲ್ಲಿ ಹಿಂದೆ ಬಂದ. ಉಳಿದವರೆಲ್ಲ ವ್ಯಾನಿನಲ್ಲಿ.

ಪ್ರಯಾಣ ರಾಜನ ಹಾಗಾಯಿತು. ಚಿನ್ನು ಆನೆ ನೋಡುತ್ತಾ ಇಡ್ಲಿ ತಿಂದಳು. ಎಂಥ ಗುಂಡಿಗೆ ಬಿದ್ದರೂ ಟ್ಯಾಬ್ ಮಿಸುಕಲಿಲ್ಲ. ಗಂಗಾಧರಯ್ಯನವರು ಅದನ್ನು ಮುಟ್ಟಿ, ತಟ್ಟಿ, "ಏನ್ ಬೀಗರೇ, ಇದು ಗಾಡಿ ಜೊತೆಗೇ ಬಂದಿದ್ದಾ?" ಎಂದರು.

"ನಾನೇ ಮಾಡಿದ್ದು" ಎಂದೆ, ಕನ್ನಡಿಯಲ್ಲಿ ಅವರ ಮುಖ ನೋಡುತ್ತಾ. "ಬಿಚ್ಚೋಕೂ ಬರುತ್ತೆ. ಒಂದು ರೆಕ್ಕೆ ಆ ಕಡೆ, ಒಂದು ರೆಕ್ಕೆ ಈ ಕಡೆ. ಮಗು ಬೇಕಾದ್ರೂ ಬಿಚ್ಚಬಹುದು." ಶಾರದಮ್ಮನವರು, "ಈ ಸಲ ನಿಮ್ಮ ಮಗಳ ಅದೃಷ್ಟ, ಎಲ್ಲಾ ಸಲೀಸಾಗಿ ಆದ್ರೆ ಸಾಕು" ಎಂದರು. ಸವಿತಾ ಕಿಟಕಿಯ ಆಚೆ ನೋಡುತ್ತಿದ್ದವಳು ನನ್ನ ಕಡೆ ತಿರುಗಿ ಸಣ್ಣಗೆ ನಕ್ಕಳು. ನಾನು ಸ್ಟೀರಿಂಗನ್ನು ಇನ್ನೊಂದು ಸ್ವಲ್ಪ ನೇರವಾಗಿ ಕೂತು ಹಿಡಿದೆ.

ದೇವಸ್ಥಾನದ ಪಕ್ಕದಲ್ಲಿ ಒಂದು ಕಲ್ಲಿನ ಮಂಟಪ. ಅರ್ಚಕರು ಸಂಕಲ್ಪ ಮಾಡಿಸಿ, "ರಾಹುಕಾಲ ಹುಟ್ಟೋದ್ರೊಳಗೆ ಮುಡಿ ತೆಗೆದುಬಿಡಿ" ಎಂದರು. ಕ್ಷೌರದ ನಂಜಣ್ಣ ಹೋದ ಸಲದವರೇ. ಚಿನ್ನುವನ್ನು ಕಂಡು ಅವರ ಮುಖ ಸ್ವಲ್ಪ ಬಿಳಿಚಿತು. ಕಿರಣ ತಲೆಗೆ ಟವೆಲನ್ನು ಕಿವಿ ಮುಚ್ಚುವಂತೆ ಸುತ್ತಿಕೊಂಡು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ. ನೀರಿನ ಬಟ್ಟಲು ಬಂದದ್ದೇ ತಡ, ಚಿನ್ನುವಿಗೆ ಹಳೆಯದೆಲ್ಲ ನೆನಪಾಯಿತು.

"ಆನೆ ಬೇಕೂ!"

"ಬಂತು ಕಂದಾ, ತಾತ ತರ್ತಾರೆ" ಎಂದಳು ಸವಿತಾ. ನಾನು ಆಗಲೇ ವ್ಯಾನಿನೊಳಗಿದ್ದೆ. ರೆಕ್ಕೆ ತಿರುಗಿಸಿದೆ. ತಿರುಗಲಿಲ್ಲ. ಇನ್ನೊಂದನ್ನು ಹಿಡಿದೆ. ಅದೂ ಇಲ್ಲ. ಬಗ್ಗಿ ನೋಡಿದೆ. ಎರಡೂ ಬೋಲ್ಟಿನ ತುದಿಗಳು ಜಜ್ಜಿ, ಅಣಬೆಯ ಹಾಗೆ ಅರಳಿ, ಸೂರ್ಯನ ಬೆಳಕಿಗೆ ಮಿರಮಿರನೆ ಹೊಳೆಯುತ್ತಿದ್ದವು. ಯಾವ ಕಳ್ಳನ ಕೆಲಸ ಇದು ಎಂದು ಒಂದು ಕ್ಷಣ ಸಿಟ್ಟು ಬಂತು. ಆಮೇಲೆ ನನ್ನ ಬಲಗೈಯನ್ನೇ ನೋಡಿದೆ. ಅದು ಏನೂ ಗೊತ್ತಿಲ್ಲದ ಹಾಗೆ ನನ್ನ ತೊಡೆಯ ಮೇಲೆ ಕೂತಿತ್ತು.

ಹೊರಗೆ ಚಿನ್ನುವಿನ ದನಿ ಏರುತ್ತಿತ್ತು. ಜಯಮ್ಮ ಓಡಿ ಬಂದಳು. "ಏನ್ರೀ ಮಾಡ್ತಿದೀರಾ? ಬೇಗ ತನ್ನಿ!"

"ಬರ್ತಾ ಇಲ್ಲ ಕಣೇ."

"ನೆನ್ನೆ ನನ್ನ ಕೈಗೇ ಬಂತಲ್ಲ?"

ನಾನು ಪಕ್ಕಕ್ಕೆ ಸರಿದೆ. ಅವಳು ಬೋಲ್ಟಿನ ತುದಿಯನ್ನು ನೋಡಿದಳು. ಇಷ್ಟು ವರ್ಷ ನನ್ನ ಜೊತೆ ಬಾಳಿದವಳಿಗೆ ವಿವರಣೆ ಬೇಕಿರಲಿಲ್ಲ. "ಹೊಡೆದ್ರಾ?" ಎಂದಳು.

"ಹೊಡೆದೆ."

"ಅಯ್ಯೋ ನಿಮ್ಮ ಕೈ ಸೇದೋಗ!" ಎಂದಳು. ಆ ಬೈಗುಳ ಮೊದಲ ಸಲ ಸರಿಯಾದ ವಿಳಾಸಕ್ಕೆ ಬಂದಿತ್ತು.

ಟೂಲ್ಸ್ ಪೆಟ್ಟಿಗೆ ನಂದಿನಿ ಲೇಔಟಿನ ವರಾಂಡದಲ್ಲಿ. ಗಾಡಿಯಲ್ಲಿದ್ದದ್ದು ಜಾಕು ಮತ್ತು ಚಕ್ರ ಬಿಚ್ಚುವ ಸ್ಪ್ಯಾನರು. ಅದರಿಂದ ಚಕ್ರ ಬಿಚ್ಚಬಹುದಿತ್ತು, ಆನೆಯನ್ನಲ್ಲ. ಶಾರದಮ್ಮನವರ ಅಡುಗೆ ಇಕ್ಕಳ ಹಾಕಿ ಎಳೆದೆ, ಇಕ್ಕಳ ಸೊಟ್ಟಗಾಯಿತು. ಅರ್ಚಕರು ತೆಂಗಿನಕಾಯಿ ಸುಲಿಯುವ ಮಚ್ಚು ತಂದರು. "ಬೇಡ ಸ್ವಾಮಿ, ಟ್ಯಾಬ್ ಹೋಗುತ್ತೆ" ಎಂದಳು ಸವಿತಾ. ಅವಳ ಕಣ್ಣಲ್ಲಿ ನೀರು ನಿಂತಿತ್ತು. ಅಳಿಯ ಮೊಬೈಲಿನಲ್ಲಿ ಆನೆ ಹುಡುಕಿದ. ಗುಡ್ಡದ ಬುಡದಲ್ಲಿ ನೆಟ್‌ವರ್ಕ್ ಒಂದು ಗೆರೆಯೂ ಇರಲಿಲ್ಲ. ಮಂಟಪದಲ್ಲಿ ನಂಜಣ್ಣ ಪೆಟ್ಟಿಗೆಯ ಮುಚ್ಚಳದ ಮೇಲೆ ಕೈ ಇಟ್ಟಿದ್ದರು. ಶಾರದಮ್ಮನವರು, "ನಾನು ಹೇಳಿರಲಿಲ್ವಾ..." ಎಂದು ಶುರುಮಾಡಿದರು. ಆ ವಾಕ್ಯದ ಕೊನೆ ನನಗೂ ಗೊತ್ತಿತ್ತು, ಸವಿತಾಗೂ ಗೊತ್ತಿತ್ತು. ಅವಳು ತಲೆ ಬಗ್ಗಿಸಿದಳು. ನಾನು ನಿಲ್ಲಿಸಿದ ಸಾವಿರ ಗೇಟು ಆ ಹೊತ್ತಿನಲ್ಲಿ ನನ್ನ ಯಾವ ಉಪಯೋಗಕ್ಕೂ ಬರಲಿಲ್ಲ.

ಆಗ ಜಯಮ್ಮ ಸೆರಗು ಸಿಕ್ಕಿಸಿಕೊಂಡು, "ಟ್ಯಾಬ್ ಬರಲ್ಲ ಅಂದ್ರೆ ಮಗು ಬರುತ್ತಲ್ಲ. ಗಾಡೀಲೇ ಮುಡಿ ತೆಗೀರಿ" ಎಂದಳು.

ಎಲ್ಲರೂ ಅವಳನ್ನೇ ನೋಡಿದರು. ಗಂಗಾಧರಯ್ಯನವರು, "ಅದ್ಹೇಗಾಗುತ್ತೆ ಬೀಗಿತ್ತಿ? ದೇವರ ಸನ್ನಿಧೀಲಿ ಆಗಬೇಕು, ಮಗು ಪೂರ್ವಕ್ಕೆ ಮುಖ ಮಾಡಿರಬೇಕು" ಎಂದರು. ಅರ್ಚಕರು ಸ್ವಲ್ಪ ಹೊತ್ತು ವ್ಯಾನನ್ನೂ ಸೂರ್ಯನನ್ನೂ ನೋಡಿದರು. "ಗಾಡಿಗೆ ಆಯುಧಪೂಜೆ ಆಗಿದೆಯಾ?" ಎಂದರು. ಪ್ರತಿ ವರ್ಷ ಆಗುತ್ತೆ ಎಂದೆ. "ಹಾಗಾದ್ರೆ ಮೈಲಿಗೆ ಏನಿಲ್ಲ. ಗಾಡೀನೇ ಪೂರ್ವಕ್ಕೆ ತಿರುಗಿಸಿ. ಸನ್ನಿಧಿ ಹತ್ತಿರಕ್ಕೆ ತನ್ನಿ."

ಆ ಅಂಗಳದಲ್ಲಿ ಒಂದು ಕಡೆ ಬೇವಿನ ಮರ, ಒಂದು ಕಡೆ ನಾಗರಕಲ್ಲು, ಇನ್ನೊಂದು ಕಡೆ ಆಗಲೇ ಹಚ್ಚಿಟ್ಟ ನಮ್ಮದೇ ಗ್ಯಾಸ್ ಒಲೆ. ನಾನು ಹಿಂದೆ ಮುಂದೆ, ಹಿಂದೆ ಮುಂದೆ ಮಾಡುತ್ತಿದ್ದರೆ, ಅರ್ಚಕರು ಮಡಿಪಂಚೆ ಎತ್ತಿಕಟ್ಟಿ ಕೈ ಬೀಸುತ್ತಿದ್ದರು. "ಬರ್ಲಿ, ಬರ್ಲಿ, ಬರ್ಲಿ... ಎಡಕ್ಕೆ ಹೊಡೀರಿ... ಫುಲ್ ಹೊಡೀರಿ... ನಾಗಪ್ಪ ಇದಾನೆ, ನೋಡ್ಕೊಂಡು!" ಮಲ್ಲೇಶ್ವರದ ಪಾರ್ಕಿಂಗಿನಲ್ಲೂ ಅಷ್ಟು ಚೆನ್ನಾಗಿ ಕೈ ಬೀಸುವವರನ್ನು ನಾನು ಕಂಡಿಲ್ಲ. "ಇನ್ನೊಂಚೂರು ಆಗ್ನೇಯಕ್ಕೆ ಇದೆ" ಎಂದು ಗಂಗಾಧರಯ್ಯನವರು ಆಕ್ಷೇಪಿಸಿದರು. ಇನ್ನೊಂಚೂರು ತಿರುಗಿಸಿದೆ. ಕೊನೆಗೆ ವ್ಯಾನಿನ ಮೂತಿ ಸೂರ್ಯನಿಗೆ ನೇರವಾಯಿತು.

ಕಿರಣ ಚಿನ್ನುವನ್ನು ಎತ್ತಿಕೊಂಡು ನಡುವಿನ ಸೀಟಿನಲ್ಲಿ ಕೂತ. ಸವಿತಾ ಆನೆ ಹಾಕಿದಳು. ಆನೆಮರಿ ಹಲ್ಲುಜ್ಜತೊಡಗಿದ ಕೂಡಲೇ ಚಿನ್ನುವಿನ ಬಾಯಿ ಮುಚ್ಚಿ, ಮತ್ತೆ ಅರ್ಧ ತೆರೆದು, ಹಾಗೇ ನಿಂತಿತು. ಪಕ್ಕದ ಬಾಗಿಲು ಪೂರ್ತಿ ಸರಿಸಿ, ನಂಜಣ್ಣ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ಬಗ್ಗಿದರು. ಜಯಮ್ಮ ಹೊಸ ಟವೆಲು ಹಿಡಿದಳು. ಸೋದರಮಾವ ಮೊದಲ ಎಳೆ ಕತ್ತರಿಸಿದ. ಉಳಿದವರೆಲ್ಲ ಕಿಟಕಿಗಳಿಗೆ ಮುಖ ಅಂಟಿಸಿ ನಿಂತೆವು. ಕತ್ತಿ ಸರಿದ ಸಪ್ಪಳ, ಆನೆಯ ಹಾಡು, ಎರಡೇ ಕೇಳುತ್ತಿದ್ದವು.

ಅರ್ಧ ತಲೆಯಾದಾಗ ಕತ್ತಿ ನಿಂತಿತು. ಏನಾಯಿತೋ ಎಂದು ಕಿಟಕಿಗೆ ಇನ್ನಷ್ಟು ಒತ್ತಿಕೊಂಡೆ. ನೋಡಿದರೆ ನಂಜಣ್ಣ ಕತ್ತಿಯನ್ನು ಮೇಲೆತ್ತಿ ಹಿಡಿದು, ಟ್ಯಾಬನ್ನೇ ನೋಡುತ್ತಾ ನಿಂತಿದ್ದಾರೆ. ಆನೆಮರಿ ಆಗ ತಾನೇ ಸೊಂಡಿಲಲ್ಲಿ ನೀರು ತುಂಬಿಕೊಂಡಿತ್ತು.

"ಅಣ್ಣಾ..." ಎಂದ ಕಿರಣ.

"ಇರಪ್ಪ, ಅವರಪ್ಪಂಗೆ ನೀರು ಹಾರಿಸ್ತದಾ ಇಲ್ವಾ ನೋಡೋಣ" ಎಂದರು ನಂಜಣ್ಣ. ಹಾರಿಸಿತು. ಚಿನ್ನು ಕಿಲಕಿಲ ನಕ್ಕಳು, ನಂಜಣ್ಣ ನಕ್ಕರು, ಗಾಜಿನ ಆಚೆ ಶಾರದಮ್ಮನವರೂ ನಕ್ಕುಬಿಟ್ಟರು. "ಕಳ್ಳ ಆನೆ" ಎಂದು ಗಂಗಾಧರಯ್ಯನವರು ಗೊಣಗಿದರು. ಉಳಿದ ಅರ್ಧ ತಲೆ ಯಾವಾಗ ಮುಗಿಯಿತೋ ಗೊತ್ತಾಗಲಿಲ್ಲ. ಒಂದು ಗೀರೂ ಇಲ್ಲ, ಒಂದು ಹನಿ ಕಣ್ಣೀರೂ ಇಲ್ಲ. ಅರ್ಚಕರು ಮಂಗಳಾರತಿ ತಟ್ಟೆಯನ್ನು ವ್ಯಾನಿನ ಬಾಗಿಲಿಗೇ ತಂದು ಬೆಳಗಿದರು.

ಹಾಡು ಮುಗಿದು ಟ್ಯಾಬಿನ ಪರದೆ ಕಪ್ಪಾಯಿತು. ಆ ಕಪ್ಪಿನಲ್ಲಿ ಚಿನ್ನುವಿಗೆ ನುಣ್ಣಗೆ ಬೋಳಾದ ಒಂದು ಪಾಪು ಕಾಣಿಸಿತು. ಅವಳು ಬಗ್ಗಿ ನೋಡಿದಳು. ಪಾಪುವೂ ಬಗ್ಗಿತು. "ಯಾರು?" ಎಂದಳು. ಸವಿತಾ ಅವಳ ತಲೆ ಸವರಿ, "ನೀನೇ ಕಣೇ ಬಂಗಾರಿ" ಎಂದು, ತಾನೂ ಒಂದು ಸಲ ಕಣ್ಣೊರೆಸಿಕೊಂಡಳು. ಶಾರದಮ್ಮನವರು ಮಗುವನ್ನು ಎತ್ತಿಕೊಂಡು, ಬೋಳುತಲೆಗೆ ಗಂಧ ಹಚ್ಚಿ, "ನೋಡಿ, ಎಷ್ಟು ಜಾಣೆ! ಕಮಕ್ ಕಿಮಕ್ ಅನ್ನಲಿಲ್ಲ. ನಮ್ಮ ವಂಶದ ಕುಡಿ" ಎಂದರು. ತಾಯಿ ಮನೆ ಕಡೆಯವನಾದ ನಾನು ಊಟಕ್ಕೆ ಎಲೆ ಹಾಕಲು ಹೋದೆ. ಸವಿತಾ ತಲೆ ಎತ್ತಿಕೊಂಡು ಎಲ್ಲರಿಗೂ ಪುಳಿಯೋಗರೆ ಬಡಿಸುತ್ತಿದ್ದಳು. ನನಗೆ ಎರಡು ಸಲ ಬಡಿಸಿದಳು.

ಊಟದ ಹೊತ್ತಿಗೆ ಕಥೆ ಬೇರೆ ರೂಪ ತಾಳಿತ್ತು. ಗಂಗಾಧರಯ್ಯನವರು ಅರ್ಚಕರಿಗೆ ಹೇಳುತ್ತಿದ್ದರು: "ನಮ್ಮ ಬೀಗರು ಬೇಕಂತಲೇ ಫಿಕ್ಸ್ ಮಾಡಿದ್ದು. ಕೈಯಲ್ಲಿ ಹಿಡಿದ್ರೆ ಆನೆ ಅಲುಗಾಡುತ್ತೆ, ಮಗು ತಲೆ ತಿರುಗಿಸುತ್ತೆ, ಕತ್ತಿ ತಾಗುತ್ತೆ. ಅದೆಲ್ಲ ಮೊದಲೇ ಯೋಚನೆ ಮಾಡಿದಾರೆ." ನಾನು ಹಪ್ಪಳ ಮುರಿಯುತ್ತಾ ತಲೆಯಾಡಿಸಿದೆ. ಜಯಮ್ಮ ನನ್ನನ್ನು ಒಂದು ಸಲ ನೋಡಿದಳು. ಆ ನೋಟದ ಮುಂದೆ ಹಪ್ಪಳದ ಸದ್ದೇ ಜಾಸ್ತಿ ಎನಿಸಿತು.

ಇಷ್ಟಾದ ಮೇಲೆ ಉಳಿದದ್ದು ಟ್ಯಾಬನ್ನು ಬಿಡಿಸಿ ಕೊಡುವುದು. ಅವತ್ತೇ ಸಂಜೆ ಬೀಗರ ವರಾಂಡದಿಂದ ಪೆಟ್ಟಿಗೆ ಎತ್ತಿಕೊಂಡೆ. ಆದರೆ ಜಜ್ಜಿದ ಬೋಲ್ಟಿಗೆ ಕಟಿಂಗ್ ಮೆಷಿನ್ನೇ ಬೇಕು, ಅದು ಶೆಡ್ಡಿನಲ್ಲಿ. "ಭಾನುವಾರ ಬಾಮ್ಮಾ, ಕತ್ತರಿಸಿ ಕೊಡ್ತೀನಿ" ಎಂದೆ. ಭಾನುವಾರ ಸವಿತಾ ಚಿನ್ನುವನ್ನು ಕರೆದುಕೊಂಡು ಬಂದಳು. ಅದಕ್ಕೂ ಮುಂಚೆ ಅವಳು ಬರುತ್ತಿದ್ದದ್ದು ಹಬ್ಬಕ್ಕೆ, ಇಲ್ಲವೇ ಜಯಮ್ಮನಿಗೆ ಜ್ವರ ಬಂದರೆ. ಚಿನ್ನು ನೇರ ವ್ಯಾನಿಗೆ ಹೋಗಿ ಕೂತಳು. ಶೆಡ್ಡಿನ ಪಕ್ಕದಲ್ಲೇ ಇರುವ ಮನೆಯ ಮುಂದೆ ನಿಂತ ಗಾಡಿಯಲ್ಲಿ ನಾನು ಅವಳ ಪಕ್ಕ ಮಂಡಿ ಮಡಿಸಿ ಕೂತೆ. ಆನೆ ಸ್ನಾನ ಮಾಡಿತು. ಅವಳು ನನ್ನ ಕೈಯಿಂದ ಮೊಸರನ್ನ ತಿಂದಳು. ಆ ಹೊತ್ತಿನಲ್ಲಿ ಯಾರು ಎದ್ದು ಹೋಗಿ ಮೆಷಿನ್ ತರುತ್ತಾರೆ? "ಬ್ಲೇಡ್ ಮುಗಿದೋಗಿದೆ ಕಣಮ್ಮ, ಮುಂದಿನ ವಾರ" ಎಂದೆ. ಮುಂದಿನ ವಾರ ಕರೆಂಟ್ ಸರಿ ಇರಲಿಲ್ಲ. ಅದರ ಮುಂದಿನ ವಾರ ಮತ್ತೆ ಬ್ಲೇಡು. ಟ್ಯಾಬಿಗೆ ಗಾಡಿಯಿಂದಲೇ ಚಾರ್ಜ್ ಸಿಗುತ್ತಿತ್ತು, ಉಳಿದ ದಿನಗಳಲ್ಲಿ ಸವಿತಾ 'ಭಾನುವಾರ ತಾತನ ಗಾಡೀಲಿ ಆನೆ' ಎಂದು ಆಸೆ ತೋರಿಸಿ ಊಟ ಮಾಡಿಸುತ್ತಿದ್ದಳಂತೆ. ಚಿನ್ನುವಿನ ತಲೆಯಲ್ಲಿ ಮುಳ್ಳುಮುಳ್ಳಾಗಿ ಕೂದಲು ಬಂತು, ಆಮೇಲೆ ರೇಷ್ಮೆಯಾಯಿತು.

ಹೋದ ಭಾನುವಾರ ಅವರು ಹೇಳಿದ್ದಕ್ಕಿಂತ ಬೇಗ ಬಂದುಬಿಟ್ಟರು. ಹೇರೋಹಳ್ಳಿಯ ಒಂದು ಮನೆಯ ಗೇಟಿಗೆ ಅರ್ಜೆಂಟಾಗಿ ಪೈಪು ಕತ್ತರಿಸುತ್ತಾ ನಾನು ಶೆಡ್ಡಿನಲ್ಲಿದ್ದೆ. ಕಿಡಿ ಹಾರುತ್ತಿತ್ತು. ತಲೆ ಎತ್ತಿದರೆ, ಒಂದು ಕೈಯಲ್ಲಿ ಚಿನ್ನು, ಇನ್ನೊಂದು ಕೈಯಲ್ಲಿ ಅನ್ನದ ಬಟ್ಟಲು ಹಿಡಿದು ಸವಿತಾ ಬಾಗಿಲಲ್ಲಿ ನಿಂತಿದ್ದಾಳೆ.

"ಬ್ಲೇಡ್ ಇಲ್ಲ ಅಂದ್ರಲ್ಲಪ್ಪಾ?"

ನಾನು ಮೆಷಿನ್ ಆಫ್ ಮಾಡಿದೆ. "ಇದು ಕಬ್ಬಿಣ ಕತ್ತರಿಸೋ ಬ್ಲೇಡು ಕಣಮ್ಮ."

"ಅದೂ ಕಬ್ಬಿಣದ ಬೋಲ್ಟೇ ಅಲ್ವಾ?"

"ಅದು ಬೇರೆ ಕಬ್ಬಿಣ" ಎಂದೆ. ಈ ಕಸುಬಿನಲ್ಲಿ ಹೆಸರು ಮಾಡಿದ ನಾನು, ನನ್ನದೇ ಶೆಡ್ಡಿನಲ್ಲಿ, ಗೋಡೆಗೆ ಸಾಲಾಗಿ ನೇತುಹಾಕಿದ ಬ್ಲೇಡುಗಳ ಕೆಳಗೆ ನಿಂತು ಹೇಳಿದ ಮಾತಿದು.

ಸವಿತಾ ಬ್ಲೇಡುಗಳನ್ನು ನೋಡಿದಳು, ನನ್ನನ್ನು ನೋಡಿದಳು. ಅವಳು ಆಡಿ ಬೆಳೆದದ್ದು ಈ ಕಿಡಿಗಳ ಪಕ್ಕದಲ್ಲೇ. ಯಾವ ಬ್ಲೇಡು ಯಾವುದಕ್ಕೆಂದು ಅವಳಿಗೆ ಬಾಯಿಪಾಠ. ಆದರೂ ಚಿನ್ನುವನ್ನು ಒಯ್ದು ವ್ಯಾನಿನಲ್ಲಿ ಕೂರಿಸಿ ಬಂದಳು. ಆಮೇಲೆ ಅನ್ನದ ಬಟ್ಟಲನ್ನು ನನ್ನ ಮುಂದೆ ಚಾಚಿ, "ಕೈ ತೊಳ್ಕೊಂಡು ಹೋಗಿ ತಿನ್ನಿಸಿ. ನಾನು ಅಮ್ಮನ ಹತ್ರ ಕಾಫಿ ಕುಡೀತೀನಿ. ಆ ಬೇರೆ ಕಬ್ಬಿಣದ ಬ್ಲೇಡ್ ಬರೋಕೆ ಎಷ್ಟು ದಿನ ಆಗುತ್ತೆ ಅಪ್ಪಾ, ಯುಗಾದಿ ಆಗಬಹುದಾ?" ಎಂದಳು.

"ಯುಗಾದಿಗೆ ಬರೋದು ಕಷ್ಟ" ಎಂದೆ, ಮಸಿಯಾದ ಕೈಯನ್ನು ಸೋಪಿನಲ್ಲಿ ಉಜ್ಜುತ್ತಾ. "ಎಲ್ಲಾ ಕಡೆ ಔಟ್ ಆಫ್ ಸ್ಟಾಕ್ ಅಂತೆ."